58 ಬಂದ ಸೆಕ್ಷನ್ನಿನ ಟಿಎಯನ್ನ ತೆಗೀಬೇಕಾ?

ಪ್ರಶ್ನೆ: "ಮೇಡಂ, ಇಂಟ್ರೊಡಕ್ಟರಿ ಸ್ಟ್ಯಾಟಿಸ್ಟಿಕ್ಸ್ ಕೋರ್ಸಿನ ಹೊಣೆ ಮೊದಲ ಸಲ ನನ್ನ ಮೇಲೆ ಬಂದಿದೆ. 240 ವಿದ್ಯಾರ್ಥಿಗಳು, ತಲಾ 40ರಂತೆ ಆರು ಟ್ಯುಟೋರಿಯಲ್ ಸೆಕ್ಷನ್, ಒಂದೊಂದಕ್ಕೂ ಒಬ್ಬೊಬ್ಬ ಪಿಎಚ್‌ಡಿ ವಿದ್ಯಾರ್ಥಿ ಟಿಎ (ಟೀಚಿಂಗ್ ಅಸಿಸ್ಟೆಂಟ್). ಮಿಡ್‌ಟರ್ಮ್ ಮುಗೀತು. ಸೆಕ್ಷನ್ ಸರಾಸರಿಗಳು ನೂರಕ್ಕೆ 58ರಿಂದ 63ರವರೆಗೆ ಇವೆ, ಪ್ರತಿ ಸೆಕ್ಷನ್ ಒಳಗೆ ಮಾರ್ಕ್ಸ್ ಹರಡಿರೋ ಅಳತೆ, ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 12. 58 ಬಂದ ಸೆಕ್ಷನ್ನಿನ ಟಿಎಯನ್ನ ಬದಲಾಯಿಸಿ ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಒತ್ತಾಯ ಮಾಡ್ತಿದಾರೆ. ನನ್ನ ನಿದ್ದೆ ಕೆಡಿಸಿರೋದು ಮಾತ್ರ ಬೇರೆ. ಒಬ್ಬ ವಿದ್ಯಾರ್ಥಿನಿ 'ಪಿ-ವ್ಯಾಲ್ಯೂ 0.03 ಅಂದ್ರೆ ನಲ್ ಹೈಪೋಥೆಸಿಸ್ ನಿಜ ಆಗಿರೋ ಸಾಧ್ಯತೆ 3 ಪರ್ಸೆಂಟ್' ಅಂತ ಬರೆದಿದ್ದಾಳೆ (ನಲ್ ಅಂದ್ರೆ ಪರಿಣಾಮ ಏನೂ ಇಲ್ಲ ಅನ್ನೋ ಊಹೆ), ಅವಳ ಟಿಎ ಪೂರ್ತಿ ಮಾರ್ಕ್ಸ್ ಕೊಟ್ಟಿದಾರೆ. ಇನ್ನೊಂದು ಸೆಕ್ಷನ್ನಲ್ಲಿ ಅದೇ ವಾಕ್ಯಕ್ಕೆ ಸೊನ್ನೆ. ಅಂದ್ರೆ ನನ್ನ ಟಿಎಗಳಿಗೇ ಇದು ಗೊತ್ತಿಲ್ವಾ? ಸೆಮಿಸ್ಟರ್ ಶುರುವಿಗೆ ಅರ್ಧ ದಿನ ಟ್ರೈನಿಂಗ್ ಕೊಟ್ಟಿದ್ದೆ. ವಿಷಯ ಗೊತ್ತಿದ್ರೆ ಪಾಠ ತಾನಾಗೇ ಬರುತ್ತೆ, ಟ್ರೈನಿಂಗ್ ಎಲ್ಲ ಟೈಮ್ ವೇಸ್ಟ್ ಅಂತಾನೂ ಆ ಸಹೋದ್ಯೋಗಿ ಹೇಳ್ತಾರೆ. ಪ್ರತಿ ಟ್ಯುಟೋರಿಯಲ್‌ಗೂ ಪೂರ್ತಿ ಸ್ಕ್ರಿಪ್ಟ್ ಬರೆದು ಕೊಟ್ಟುಬಿಡಲಾ? ಪೇಪರ್ ತಿದ್ದೋದು ಮಾತ್ರ ಅವರಿಗೆ ಬಿಟ್ಟು ಪಾಠ ಎಲ್ಲ ನಾನೇ ಮಾಡ್ಲಾ? ವಾರಕ್ಕೆ ಒಂದು ಗಂಟೆಗಿಂತ ಜಾಸ್ತಿ ಅವರಿಂದ ಕೇಳೋಕೆ ಆಗಲ್ಲ."

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ: ಒಬ್ಬ ಟಿಎ ಪಾಠ ಸರಿಯಾಗಿ ಮಾಡ್ತಿಲ್ವಾ ಅನ್ನೋದು, ಟಿಎಗಳು ಒಂದೇ ಉತ್ತರಕ್ಕೆ ಬೇರೆ ಬೇರೆ ಮಾರ್ಕ್ಸ್ ಕೊಡೋದು, ಟಿಎಗಳಿಗೇ ಕಾನ್ಸೆಪ್ಟ್ ಸ್ಪಷ್ಟ ಇಲ್ಲದೇ ಇರೋದು. ಮೂರಕ್ಕೂ ಒಂದೇ ಮದ್ದು ಅಲ್ಲ. ಮೊದಲು 58ರ ವಿಚಾರ ತಗೋತೀನಿ, ಯಾಕಂದ್ರೆ ಅಲ್ಲಿ ಒಬ್ಬ ಮನುಷ್ಯರ ಹೆಸರು, ಕೆಲಸ ಎರಡೂ ಪಣಕ್ಕಿವೆ.

ನಾವು ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡೋರು, ಹಾಗಾಗಿ ವಿದ್ಯಾರ್ಥಿಗಳಿಗೆ ಹೇಳಿಕೊಡೋದನ್ನ ಮೊದಲು ನಮ್ಮ ಮೇಲೆ ಹಚ್ಚಿ ನೋಡಬೇಕು. ಸೆಕ್ಷನ್ನಲ್ಲಿ 40 ಜನ, ಸ್ಟ್ಯಾಂಡರ್ಡ್ ಡೀವಿಯೇಷನ್ 12. ಹಾಗಾದ್ರೆ ಸರಾಸರಿಯ ಸ್ಟ್ಯಾಂಡರ್ಡ್ ಎರರ್ (ಬೇರೆ 40 ಜನ ಬಂದಿದ್ರೆ ಸರಾಸರಿ ಎಷ್ಟು ಅಲ್ಲಾಡ್ತಿತ್ತು ಅನ್ನೋ ಅಳತೆ) 12ನ್ನ 40ರ ವರ್ಗಮೂಲದಿಂದ ಭಾಗಿಸಿದ್ರೆ ಬರೋದು, ಅಂದ್ರೆ ಸುಮಾರು 1.9. ಈಗ ಆರೂ ಟಿಎಗಳು ಪಾಠದಲ್ಲೂ ತಿದ್ದೋದ್ರಲ್ಲೂ ತದ್ರೂಪಿಗಳು ಅಂತಲೇ ಇಟ್ಕೊಳಿ, ವಿದ್ಯಾರ್ಥಿಗಳೂ ಚೀಟಿ ಎತ್ತಿದ ಹಾಗೆ ಹಂಚಿಹೋಗಿದಾರೆ ಅನ್ಕೊಳಿ. ಆಗಲೂ ಆರು ಸರಾಸರಿಗಳಲ್ಲಿ ಅತಿ ಮೇಲಿನದಕ್ಕೂ ಅತಿ ಕೆಳಗಿನದಕ್ಕೂ ನಡುವೆ ಸ್ಟ್ಯಾಂಡರ್ಡ್ ಎರರ್‌ನ ಎರಡೂವರೆ ಪಟ್ಟು ಅಂತರ ಬರೋದು ಸಹಜ. ಅಂದ್ರೆ ಸುಮಾರು 4.8. ನಿಮಗೆ ಬಂದಿರೋದು 5. ಯಾರದ್ದೂ ತಪ್ಪಿಲ್ಲದೆ, ಯಾರ ಹೆಗ್ಗಳಿಕೆಯೂ ಇಲ್ಲದೆ ಬರೋ ಅಂತರ ಇಷ್ಟೇ ಇರತ್ತೆ.

ನಾನು ಹೇಳಿದ್ದನ್ನ ನಂಬೋದೂ ಬೇಡ. 240 ಮಾರ್ಕ್ಸನ್ನೂ ಒಂದು ಕಾಲಮ್ಮಿಗೆ ಹಾಕಿ, ಇಸ್ಪೀಟ್ ಎಲೆ ಕಲಸೋ ಹಾಗೆ ಕಲಸಿ, 40ರ ಆರು ಗುಂಪು ಮಾಡಿ, ಗುಂಪಿನ ಸರಾಸರಿಗಳಲ್ಲಿ ದೊಡ್ಡದರಿಂದ ಚಿಕ್ಕದನ್ನ ಕಳೀರಿ, ಇದನ್ನ ಕಂಪ್ಯೂಟರಲ್ಲಿ 1000 ಸಲ ಮಾಡಿಸಿ. ಟಿಎ ಯಾರು ಅನ್ನೋದೇ ಇಲ್ಲದ ಈ ಗುಂಪುಗಳಲ್ಲೂ ಹತ್ತಕ್ಕೆ ಸುಮಾರು ನಾಲ್ಕು ಸಲ 5 ಅಥವಾ ಅದಕ್ಕಿಂತ ದೊಡ್ಡ ಅಂತರ ನಿಮ್ಮ ಕಣ್ಣಿಗೇ ಬೀಳತ್ತೆ. ಆ ಹಿರಿಯರ ಜೊತೆ ವಾದ ಮಾಡೋ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನ ಓಡಿಸಿ ತೋರಿಸಿ.

ಇದರರ್ಥ ಆರೂ ಟಿಎಗಳು ಸಮಾನರು ಅಂತಲ್ಲ, ಇಲ್ಲಿ ಜನ ಜಾರೋದು ಜಾಸ್ತಿ. ಯಾರು ಹೆಚ್ಚು ಯಾರು ಕಮ್ಮಿ ಅಂತ ಹೇಳೋ ಶಕ್ತಿ ಈ ಸರಾಸರಿಗಳಿಗಿಲ್ಲ, ಅಷ್ಟೇ. 63 ಬಂದ ಸೆಕ್ಷನ್ನಲ್ಲೂ ಪಾಠ ಕೆಟ್ಟದಾಗಿ ನಡೀತಿರಬಹುದು. ಅದರ ಮೇಲೆ, ವಿದ್ಯಾರ್ಥಿಗಳು ಸೆಕ್ಷನ್‌ಗೆ ಚೀಟಿ ಎತ್ತಿ ಬಂದಿರಲ್ಲ, ಯಾವ ಹೊತ್ತಿಗೆ ಬೇರೆ ಕ್ಲಾಸ್ ಇಲ್ಲ, ಯಾವ ಗೆಳೆಯರು ಎಲ್ಲಿ ಸೇರಿದ್ರು ಅಂತ ನೋಡ್ಕೊಂಡು ಬಂದಿರ್ತಾರೆ. ಇನ್ನೂ ದೊಡ್ಡ ತೊಡಕು ಅಂದ್ರೆ ಪ್ರತಿ ಟಿಎ ತನ್ನ ಸೆಕ್ಷನ್ ಪೇಪರನ್ನ ತಾನೇ ತಿದ್ದಿದಾರೆ. ಆ ಪಿ-ವ್ಯಾಲ್ಯೂ ಪ್ರಶ್ನೆಗೆ 4 ಮಾರ್ಕ್ಸ್ ಇತ್ತು, ಸೆಕ್ಷನ್ನಿನ ಅರ್ಧ ಜನ ಅದೇ ತಪ್ಪು ವಾಕ್ಯ ಬರೆದಿದ್ರು ಅನ್ಕೊಳಿ. ಒಬ್ಬರು ಪೂರ್ತಿ ಕೊಟ್ಟು ಇನ್ನೊಬ್ಬರು ಸೊನ್ನೆ ಕೊಟ್ರೆ ಅಲ್ಲೇ ಸೆಕ್ಷನ್ ಸರಾಸರಿಯಲ್ಲಿ 2 ಮಾರ್ಕ್ಸ್ ವ್ಯತ್ಯಾಸ ಆಯ್ತು. ಬಿಗಿಯಾಗಿ ಸರಿಯಾಗಿ ತಿದ್ದಿದ ಟಿಎಗೇ 58 ಬಂದಿರೋ ಸಾಧ್ಯತೆ ಇದೆ! ಸೊನ್ನೆ ಕೊಟ್ಟಿದ್ದು ಯಾವ ಸೆಕ್ಷನ್ ಅಂತ ನೀವು ಬರೆದಿಲ್ಲ, ದಯವಿಟ್ಟು ಅದನ್ನ ಮೊದಲು ನೋಡಿ.

ಈಗ ಆ ವಾಕ್ಯಕ್ಕೆ ಬರೋಣ. "ನನ್ನ ಟಿಎಗಳಿಗೇ ಗೊತ್ತಿಲ್ವಾ" ಅಂತ ಕೇಳಿದೀರಿ. ಹೌದು, ಕೆಲವರಿಗೆ ಗೊತ್ತಿರಲ್ಲ, ಅದರಲ್ಲಿ ಅವಮಾನ ಪಡೋಂಥದ್ದು ಏನೂ ಇಲ್ಲ. 2002ರಲ್ಲಿ ಜರ್ಮನಿಯ ಹಾಲರ್ ಮತ್ತು ಕ್ರೌಸ್ ಅನ್ನೋ ಇಬ್ಬರು ಸಂಶೋಧಕರು ಒಂದು ಸಿಗ್ನಿಫಿಕೆಂಟ್ (ಅಂದ್ರೆ ಪಿ-ವ್ಯಾಲ್ಯೂ 0.05ಕ್ಕಿಂತ ಕಮ್ಮಿ ಬಂದ) ಫಲಿತಾಂಶ ಕೊಟ್ಟು ಅದರ ಬಗ್ಗೆ ಆರು ವಾಕ್ಯ ಬರೆದು ಸರಿನೋ ತಪ್ಪೋ ಅಂತ ಸೈಕಾಲಜಿ ವಿಭಾಗಗಳಲ್ಲಿ ಕೇಳಿದ್ರು. ಆರೂ ತಪ್ಪು ವಾಕ್ಯಗಳೇ. ವಿದ್ಯಾರ್ಥಿಗಳಲ್ಲಿ ಎಲ್ಲರೂ ಕನಿಷ್ಠ ಒಂದನ್ನಾದ್ರೂ ಸರಿ ಅಂದ್ರು, ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡದ ವಿಜ್ಞಾನಿಗಳಲ್ಲಿ ಸುಮಾರು 90 ಪರ್ಸೆಂಟ್, ಮೆಥಡಾಲಜಿ ಪಾಠ ಮಾಡೋರಲ್ಲೇ 80 ಪರ್ಸೆಂಟ್ ಎಡವಿದ್ರು. ಕೊನೆಗೆ 2016ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ ಒಂದು ಹೇಳಿಕೆಯನ್ನೇ ಹೊರಡಿಸಬೇಕಾಯ್ತು, ಹೈಪೋಥೆಸಿಸ್ ನಿಜ ಆಗಿರೋ ಸಾಧ್ಯತೆಯನ್ನ ಪಿ-ವ್ಯಾಲ್ಯೂ ಅಳೆಯಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಅಷ್ಟು ಬೇರು ಬಿಟ್ಟಿರೋ ತಪ್ಪು ನಿಮ್ಮ ಆರು ಜನರಲ್ಲಿ ಒಬ್ಬಿಬ್ಬರಲ್ಲಿ ಇದ್ರೆ ಆಶ್ಚರ್ಯ ಇಲ್ಲ.

ಈ ತಪ್ಪು ಯಾಕೆ ಹೋಗಲ್ಲ ಅಂದ್ರೆ ಎರಡು ವಾಕ್ಯಗಳು ಕಿವಿಗೆ ಒಂದೇ ಥರ ಕೇಳ್ಸುತ್ವೆ. ಮಳೆ ಬಂದಿದ್ರೆ ರಸ್ತೆ ಒದ್ದೆ ಆಗಿರೋ ಸಾಧ್ಯತೆ ಬೇರೆ, ರಸ್ತೆ ಒದ್ದೆ ಇದ್ರೆ ಮಳೆ ಬಂದಿರೋ ಸಾಧ್ಯತೆ ಬೇರೆ, ಯಾಕಂದ್ರೆ ಪೈಪ್ ಒಡೆದಿದ್ರೂ ರಸ್ತೆ ಒದ್ದೆ ಆಗತ್ತೆ. ಪಿ-ವ್ಯಾಲ್ಯೂ ಮೊದಲನೇ ಥರದ್ದು: ನಲ್ ನಿಜ ಅಂತಲೇ ಇಟ್ಕೊಂಡ್ರೆ ನಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ವಿಪರೀತವಾದ ಡೇಟಾ ಬರೋ ಸಾಧ್ಯತೆ ಎಷ್ಟು ಅನ್ನೋದು. ವಿದ್ಯಾರ್ಥಿನಿ ಬರೆದಿದ್ದು ಎರಡನೇ ಥರದ್ದು. ಟಿಎಗಳಿಗೆ ನಾನು ಇದನ್ನ ಲೆಕ್ಕ ಹಾಕಿಸ್ತೀನಿ: 1000 ಹೈಪೋಥೆಸಿಸ್ ಪರೀಕ್ಷೆ ಮಾಡಿದ್ವಿ, ಅದರಲ್ಲಿ 100ರಲ್ಲಿ ಮಾತ್ರ ನಿಜವಾಗ್ಲೂ ಪರಿಣಾಮ ಇದೆ. ಪವರ್, ಅಂದ್ರೆ ನಿಜವಾಗಿ ಇರೋ ಪರಿಣಾಮವನ್ನ ಹಿಡಿಯೋ ಸಾಧ್ಯತೆ, 80 ಪರ್ಸೆಂಟ್ ಇದ್ರೆ ಆ 100ರಲ್ಲಿ 80 ಸಿಗತ್ತೆ. ಉಳಿದ 900ರಲ್ಲಿ ಏನೂ ಇಲ್ಲ, ಆದ್ರೂ 5 ಪರ್ಸೆಂಟ್ ಅಂದ್ರೆ 45 ಸಲ ಪಿ-ವ್ಯಾಲ್ಯೂ 0.05ರ ಕೆಳಗೆ ಬರತ್ತೆ. ಒಟ್ಟು 125 ಸಿಗ್ನಿಫಿಕೆಂಟ್, ಅದರಲ್ಲಿ 45 ಹುಸಿ, ಅಂದ್ರೆ 36 ಪರ್ಸೆಂಟ್. 5 ಎಲ್ಲಿ, 36 ಎಲ್ಲಿ! ಫಾರ್ಮುಲಾ ಬರೆದು ಬೇಯ್ಸ್ ಥಿಯರಂ ಹೇಳಿದಾಗ ತಲೆ ಆಡಿಸೋ ಟಿಎ, ಈ ಎಣಿಕೆ ತಾವೇ ಮಾಡಿದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತ್ಬಿಡ್ತಾರೆ. ಅಲ್ಲಿಂದ ಮುಂದೆ ಅವರು ಆ ಪ್ರಶ್ನೆ ತಿದ್ದೋ ರೀತಿನೇ ಬದಲಾಗತ್ತೆ, ಇದನ್ನ ನಾನು ಎಷ್ಟೋ ಸಲ ನೋಡಿದೀನಿ.

"ವಿಷಯ ಗೊತ್ತಿದ್ರೆ ಪಾಠ ತಾನಾಗೇ ಬರುತ್ತೆ" ಅನ್ನೋ ಮಾತಿಗೆ ಬಂದ್ರೆ, ಅದರಲ್ಲಿ ಅರ್ಧ ಮಾತ್ರ ನಿಜ. ವಿಷಯ ಗೊತ್ತಿಲ್ಲದೆ ಪಾಠ ಬರಲ್ಲ, ಅದು ಸರಿ. ಆದ್ರೆ ಚೆನ್ನಾಗಿ ಗೊತ್ತಿರೋದೇ ಕೆಲವು ಸಲ ಅಡ್ಡ ಬರತ್ತೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋರು ಮಾಡಿದ ಪ್ರಯೋಗ ಇದೆ: ಒಬ್ಬರು ಎಲ್ಲರಿಗೂ ಗೊತ್ತಿರೋ ಹಾಡನ್ನ ಮನಸ್ಸಲ್ಲೇ ಹಾಡ್ತಾ ಮೇಜಿನ ಮೇಲೆ ಬೆರಳಲ್ಲಿ ತಾಳ ಕುಟ್ಟಬೇಕು, ಎದುರಿಗಿರೋರು ಹಾಡು ಯಾವುದು ಅಂತ ಹೇಳಬೇಕು. ಅರ್ಧಕ್ಕರ್ಧ ಜನ ಗುರುತು ಹಿಡೀತಾರೆ ಅಂತ ಕುಟ್ಟೋರು ಅಂದಾಜು ಮಾಡಿದ್ರು. 120 ಹಾಡಲ್ಲಿ ಗುರುತು ಸಿಕ್ಕಿದ್ದು 3. ಕುಟ್ಟೋರ ತಲೆಯೊಳಗೆ ಪೂರ್ತಿ ಹಾಡು ಓಡ್ತಿರತ್ತೆ, ಕೇಳೋರಿಗೆ ಬರೀ ಟಕ್ ಟಕ್. ನಿಮ್ಮ ಟಿಎ ಬೋರ್ಡ್ ಮೇಲೆ ಸ್ಟ್ಯಾಂಡರ್ಡ್ ಎರರ್ ಫಾರ್ಮುಲಾ ಬರೆದಾಗಲೂ ಅದೇ ಆಗೋದು.

ನನ್ನ ಮೊದಲ ವರ್ಷಗಳ ಒಂದು ದಿನ ಹೇಳ್ತೀನಿ. ನಾನೂ ಆಗ ಟಿಎಗಳಿಗೆ ಅರ್ಧ ದಿನದ ಟ್ರೈನಿಂಗ್ ಮಾಡ್ತಿದ್ದೆ, ಅದರ ತುಂಬ ದನಿ ಹೇಗಿರಬೇಕು, ಬೋರ್ಡ್ ಹೇಗೆ ಭಾಗ ಮಾಡಬೇಕು, ಹಾಜರಿ ನಿಯಮ ಏನು ಇಂಥದ್ದೇ. ಆಮೇಲೆ ಒಂದು ಟ್ಯುಟೋರಿಯಲ್ಲಿನ ಹಿಂದಿನ ಬೆಂಚಲ್ಲಿ ಕೂತು ನೋಡಿದೆ. ಟಿಎ ಬಹಳ ಪ್ರತಿಭಾವಂತ ಹುಡುಗ, ಅಕ್ಷರ ಮುತ್ತಿನ ಹಾಗೆ, ಲೆಕ್ಕದಲ್ಲಿ ಒಂದು ತಪ್ಪಿಲ್ಲ. ಒಬ್ಬಳು ಎದ್ದು "ಈ ಡೇಟಾ ಒಂದು ಕಡೆಗೇ ವಾಲಿದೆಯಲ್ಲ, ಆದ್ರೂ ನಾರ್ಮಲ್ ಅಂತ ತಗೋಬಹುದಾ" ಅಂದ್ಲು. (ನಾರ್ಮಲ್ ಅಂದ್ರೆ ಎರಡೂ ಕಡೆ ಸಮವಾಗಿ ಇಳಿಯೋ ಘಂಟೆ ಆಕಾರದ ಹಂಚಿಕೆ.) ಎಂಥ ಒಳ್ಳೇ ಪ್ರಶ್ನೆ! ಅವನು ಒಂದು ಕ್ಷಣವೂ ನಿಲ್ಲದೆ "ಸ್ಯಾಂಪಲ್ 30 ದಾಟಿದ್ರೆ ಡೇಟಾ ನಾರ್ಮಲ್ ಆಗತ್ತೆ" ಅಂದ, ನಲವತ್ತು ಜನ ಬರ್ಕೊಂಡ್ರು. ಡೇಟಾ ಎಷ್ಟು ಜಾಸ್ತಿ ಆದ್ರೂ ವಾಲಿರೋದು ವಾಲಿಯೇ ಇರತ್ತೆ, ನಾರ್ಮಲ್ ಆಕಾರದ ಹತ್ರ ಹೋಗೋದು ಅಂಥ ಸ್ಯಾಂಪಲ್‌ಗಳನ್ನ ಮತ್ತೆ ಮತ್ತೆ ತೆಗೆದ್ರೆ ಬರೋ ಸರಾಸರಿಗಳು, ಅದಕ್ಕೂ 30 ಅನ್ನೋದು ಕಲ್ಲಲ್ಲಿ ಕೆತ್ತಿದ ಸಂಖ್ಯೆ ಅಲ್ಲ, ಡೇಟಾ ತುಂಬ ವಾಲಿದ್ರೆ 30 ಸಾಲದು. ಅವತ್ತು ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ನನ್ನ ಟ್ರೈನಿಂಗಲ್ಲಿ ಈ ಪ್ರಶ್ನೆ ಅವನಿಗೆ ನಾನು ಒಂದು ಸಲವೂ ಕೇಳಿರಲಿಲ್ಲ ಅನ್ನೋದೇ ಚುಚ್ಚಿತು. ನಾನು ದನಿ ಬಗ್ಗೆ ಮಾತಾಡಿದ್ದೆ, ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಮಾತೇ ಆಡಿರಲಿಲ್ಲ.

ಕಾರಣ ಇದೇ. ನಮ್ಮ ಟಿಎಗಳಲ್ಲಿ ಬಹುಪಾಲು ಜನ ಈ ವಿಷಯವನ್ನ ಪ್ರೂಫ್‌ಗಳ ಮೂಲಕ ಕಲಿತಿರ್ತಾರೆ, ಇಲ್ಲ ತಮ್ಮ ರಿಸರ್ಚ್‌ಗೆ ಬೇಕಾದಷ್ಟು ಸಾಫ್ಟ್‌ವೇರ್ ಓಡಿಸ್ತಾ ಕಲಿತಿರ್ತಾರೆ. ಎರಡು ದಾರಿಯಲ್ಲೂ ಪರೀಕ್ಷೆ ಪಾಸಾಗಬಹುದು, ಪೇಪರ್ ಪಬ್ಲಿಷ್ ಮಾಡಬಹುದು, ಆದ್ರೆ "ಇನ್ನೊಂದು ಸ್ಯಾಂಪಲ್ ತಗೊಂಡಿದ್ರೆ ಈ ಸಂಖ್ಯೆ ಎಷ್ಟು ಅಲ್ಲಾಡ್ತಿತ್ತು" ಅನ್ನೋ ಯೋಚನೆ ಮೈಗೂಡಿರಬೇಕು ಅಂತೇನಿಲ್ಲ. ಮೊದಲ ಕೋರ್ಸಿನ ಜೀವಾಳ ಆ ಯೋಚನೆ. ಅದು ಇಲ್ಲದ ಟಿಎ ಏನು ಮಾಡ್ತಾರೆ ಹೇಳಿ? ತಮಗೆ ಖಚಿತ ಇರೋದನ್ನ, ಅಂದ್ರೆ ಲೆಕ್ಕವನ್ನ, ಬೋರ್ಡ್ ತುಂಬ ಬಿಡಿಸ್ತಾರೆ, ವಿದ್ಯಾರ್ಥಿಗಳು ಗಿಳಿಪಾಠ ಮಾಡ್ತಾರೆ.

ಹಾಗಾದ್ರೆ ಏನು ಮಾಡಬಹುದು. ನೀವು ಕೇಳಿದ ಸ್ಕ್ರಿಪ್ಟ್ ವಿಚಾರ ನೋಡೋಣ. ಪೂರ್ತಿ ಸ್ಕ್ರಿಪ್ಟ್ ಕೊಟ್ರೆ ಆರೂ ಸೆಕ್ಷನ್ನಲ್ಲಿ ಒಂದೇ ಪಾಠ ನಡಿಯತ್ತೆ, ಹೊಸ ಟಿಎಗೆ ಮೊದಲ ಎರಡು ವಾರದ ನಡುಕ ಕಮ್ಮಿ ಆಗತ್ತೆ. ಅಪಾಯ ಏನಂದ್ರೆ ಆ ಹುಡುಗಿ ಕೇಳಿದಂಥ ಪ್ರಶ್ನೆ ಸ್ಕ್ರಿಪ್ಟಲ್ಲಿ ಇರಲ್ಲ. ಪಾಠ ನಿಂತಿರೋದೇ ಅಂಥ ಪ್ರಶ್ನೆ ಬಂದ ಕ್ಷಣದಲ್ಲಿ, ಸ್ಕ್ರಿಪ್ಟ್ ಹಿಡ್ಕೊಂಡೋರು ಆ ಕ್ಷಣವನ್ನ ದಾಟಿ ಮುಂದಿನ ಸಾಲಿಗೆ ಓಡ್ತಾರೆ. ನಾನು ಕೊಡೋದು ಒಂದೇ ಪುಟ: ಇವತ್ತು ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಯಾವುದು, ಅವರು ಎಡವೋ ಎರಡು ಮೂರು ಜಾಗ ಯಾವುದು, ಎಡವಿದಾಗ ತಿರುಗಿ ಕೇಳಬೇಕಾದ ಪ್ರಶ್ನೆ ಯಾವುದು. ಉತ್ತರ ಬರೆಯಲ್ಲ.

ಪಾಠ ಎಲ್ಲ ನೀವೇ ಮಾಡಿ ಟಿಎಗಳಿಗೆ ಬರೀ ತಿದ್ದೋದು ಬಿಡೋದು ಇನ್ನೊಂದು ದಾರಿ. ಒಂದು ಸೆಮಿಸ್ಟರ್ ಹೇಗೋ ಎಳೀಬಹುದು. ಆದ್ರೆ 240 ಜನರ ಮುಂದೆ ನೀವೊಬ್ಬರೇ ಮಾತಾಡಿದ್ರೆ ಅದು ಲೆಕ್ಚರ್ ಆಗತ್ತೆ, ಚಿಕ್ಕ ಗುಂಪಲ್ಲಿ ಕೈಯಾರೆ ಮಾಡಿ ಕಲಿಯೋ ಜಾಗ ಹೋಗ್ಬಿಡತ್ತೆ. ವಿಜ್ಞಾನ, ಗಣಿತ, ಇಂಜಿನಿಯರಿಂಗ್ ಕೋರ್ಸುಗಳ 225 ಅಧ್ಯಯನಗಳನ್ನ ಸೇರಿಸಿ ನೋಡಿದ 2014ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಬರೀ ಲೆಕ್ಚರ್ ಇದ್ದ ಕಡೆ ಫೇಲ್ ಆದೋರು ಸರಾಸರಿ 33.8 ಪರ್ಸೆಂಟ್, ವಿದ್ಯಾರ್ಥಿಗಳೇ ತೊಡಗಿಕೊಂಡ ಕ್ಲಾಸುಗಳಲ್ಲಿ 21.8. ಟ್ಯುಟೋರಿಯಲ್ಲನ್ನ ಬಲಿ ಕೊಡಬೇಡಿ. ಟಿಎಗಳೂ ನಾಳೆ ಪಾಠ ಮಾಡೋರೇ, ಅವರು ಬೆಳೆಯೋ ಜಾಗವೂ ಅದೇ.

ತಿದ್ದೋ ವ್ಯವಸ್ಥೆಯನ್ನ ಮಾತ್ರ ನಾಳೆಯೇ ಬದಲಾಯಿಸಿ. ಒಬ್ಬ ಟಿಎ ಒಂದು ಸೆಕ್ಷನ್ ಬದಲು, ಒಬ್ಬ ಟಿಎ ಒಂದು ಪ್ರಶ್ನೆ. ಮೂರನೇ ಪ್ರಶ್ನೆಯನ್ನ 240 ಪೇಪರಲ್ಲೂ ಒಬ್ಬರೇ ತಿದ್ದಿದ್ರೆ ಅವರು ಬಿಗಿ ಇರಲಿ ಸಡಿಲ ಇರಲಿ ಎಲ್ಲ ಸೆಕ್ಷನ್‌ಗೂ ಅದೇ ಬಿಗಿ, ಅದೇ ಸಡಿಲ. ಸೆಕ್ಷನ್ ಸರಾಸರಿಯೊಳಗೆ ತಿದ್ದೋರ ಸ್ವಭಾವ ಬೆರೆಯೋದು ತಪ್ಪತ್ತೆ. ಇದರಲ್ಲೂ ತೊಂದರೆ ಇದೆ: 240 ಸಲ ಒಂದೇ ಉತ್ತರ ಓದಿ ಕಣ್ಣು ಮಂಜಾಗತ್ತೆ, ಮೊದಲ ಐವತ್ತಕ್ಕೂ ಕೊನೇ ಐವತ್ತಕ್ಕೂ ಅಳತೆ ಬದಲಾಗತ್ತೆ (ಅದಕ್ಕೇ ಬಂಡಲ್‌ಗಳನ್ನ ಬೆರೆಸಿ ಕೊಡಿ, ಒಂದು ಸೆಕ್ಷನ್ನೇ ಕೊನೆಗೆ ಬೀಳದ ಹಾಗೆ), ಆಮೇಲೆ ಟಿಎಗೆ ತನ್ನ ವಿದ್ಯಾರ್ಥಿಗಳ ಪೂರ್ತಿ ಪೇಪರ್ ಕಾಣಿಸಲ್ಲ. ಈ ಕೊನೇದು ನಿಜವಾದ ನಷ್ಟ, ಅದನ್ನ ವಾರದ ಮೀಟಿಂಗಲ್ಲಿ ತುಂಬಿಕೊಳ್ಳಬೇಕು.

ಆ ವಾರದ ಒಂದು ಗಂಟೆನೇ ನಿಮ್ಮ ಟ್ರೈನಿಂಗ್. ಸೆಮಿಸ್ಟರ್ ಶುರುವಿನ ಅರ್ಧ ದಿನ ಅಲ್ಲ. ಆಗ ಟಿಎಗಳ ಹತ್ರ ಇನ್ನೂ ಪ್ರಶ್ನೆಗಳೇ ಹುಟ್ಟಿರಲ್ಲ, ಹೇಳಿದ್ದು ನಿಲ್ಲೋಕೆ ಜಾಗ ಎಲ್ಲಿ? ಆ ಒಂದು ಗಂಟೆಯಲ್ಲಿ ಪ್ರಕಟಣೆ, ರೂಮ್ ನಂಬರ್, ಗಡುವು ಇವೆಲ್ಲ ಬೇಡ, ಅವನ್ನ ಇಮೇಲ್‌ಗೆ ತಳ್ಳಿ. ಮೇಜಿನ ಮೇಲೆ ಇರಬೇಕಾದ್ದು ವಿದ್ಯಾರ್ಥಿಗಳು ಬರೆದ ಉತ್ತರ.

ನಾನು ಮಾಡೋ ರೀತಿ ಹೇಳ್ತೀನಿ. ಐದು ನಿಜವಾದ ಉತ್ತರಗಳನ್ನ ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿ ಎಲ್ಲ ಟಿಎಗಳಿಗೂ ಕೊಡ್ತೀನಿ, ಯಾರೂ ಮಾತಾಡದೆ ಮಾರ್ಕ್ಸ್ ಹಾಕಬೇಕು, ಆಮೇಲೆ ಬೋರ್ಡ್ ಮೇಲೆ ಬರೀಬೇಕು. ಒಂದೇ ಉತ್ತರಕ್ಕೆ 0, 1, 4, 4, 2, 3 ಅಂತ ಸಾಲಾಗಿ ನಿಂತಾಗ ರೂಮಲ್ಲಿ ಆಗೋ ಮೌನ ಯಾವ ಉಪನ್ಯಾಸಕ್ಕೂ ಸಿಗಲ್ಲ. ಯಾಕೆ 4 ಕೊಟ್ರಿ, ಯಾಕೆ ಸೊನ್ನೆ ಕೊಟ್ರಿ ಅಂತ ಅವರವರೇ ಮಾತಾಡ್ಲಿ, ನೀವು ಕೊನೇಲಿ ಮಾತಾಡಿ. ತಪ್ಪು ತಿಳ್ಕೊಂಡಿರೋ ಟಿಎ ಯಾರು ಅಂತ ನೀವು ಬೆರಳು ತೋರಿಸೋದೇ ಬೇಕಾಗಲ್ಲ, ಅವರಿಗೇ ಗೊತ್ತಾಗತ್ತೆ, ಜೊತೆಯವರ ಮುಂದೆ ಮಾನಾನೂ ಉಳಿಯತ್ತೆ. ಆಮೇಲೆ ಒಟ್ಟಿಗೆ ರೂಬ್ರಿಕ್, ಅಂದ್ರೆ ಯಾವುದಕ್ಕೆ ಎಷ್ಟು ಮಾರ್ಕ್ಸ್ ಅನ್ನೋ ಪಟ್ಟಿ, ಬರೀರಿ. ನೀವೊಬ್ಬರೇ ಕೂತು ಬರೆದ ರೂಬ್ರಿಕ್ಕನ್ನ ಯಾರೂ ಓದಲ್ಲ, ಜಗಳ ಮಾಡಿ ಬರೆದದ್ದು ನೆನಪಲ್ಲಿರತ್ತೆ.

ಮಿಕ್ಕ ಸಮಯದಲ್ಲಿ ಮುಂದಿನ ವಾರ ವಿದ್ಯಾರ್ಥಿಗಳು ಮಾಡೋ ಚಟುವಟಿಕೆಯನ್ನ ಟಿಎಗಳೇ ಮಾಡ್ಲಿ. ಬರೀ ಓದೋದಲ್ಲ, ಕೈಯಾರೆ ಮಾಡೋದು. ಇದಕ್ಕೆ ಒಂದು ಉದಾಹರಣೆ ಕೊಡ್ಲೇಬೇಕು. ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನೋ ಅಂದಾಜು) ವಾರದಲ್ಲಿ ಪ್ರತಿ ವಿದ್ಯಾರ್ಥಿ ಒಂದೇ ಪಾಪ್ಯುಲೇಷನ್ನಿಂದ ತನ್ನದೇ ಸ್ಯಾಂಪಲ್ ತೆಗೆದು 95 ಪರ್ಸೆಂಟ್ ಇಂಟರ್ವಲ್ ಲೆಕ್ಕ ಹಾಕಿ ಬೋರ್ಡ್ ಮೇಲೆ ಒಂದು ಅಡ್ಡ ಗೆರೆ ಎಳೀತಾನೆ, ನಿಜವಾದ ಸರಾಸರಿ ನಮಗೆ ಗೊತ್ತಿರತ್ತೆ, ಅದು ಉದ್ದ ಗೆರೆ. 40 ಅಡ್ಡ ಗೆರೆಗಳಲ್ಲಿ ಸುಮಾರು 2 ಆ ಉದ್ದ ಗೆರೆಯನ್ನ ಮುಟ್ಟದೆ ತಪ್ಪಿಹೋಗಬೇಕು. ಆದ್ರೆ ಒಂದೂ ತಪ್ಪದೆ ಇರೋ ಸಾಧ್ಯತೆ ಸುಮಾರು 13 ಪರ್ಸೆಂಟ್ ಇದೆ, ನಲವತ್ತು 0.95ಗಳನ್ನ ಒಂದಕ್ಕೊಂದು ಗುಣಿಸಿದ್ರೆ ಅಷ್ಟೇ ಬರೋದು. ಇದನ್ನ ಮೊದಲೇ ಮಾಡಿ ನೋಡದ ಟಿಎ, ಒಂದೂ ತಪ್ಪಲಿಲ್ಲ ಅಂದಾಗ ಗಾಬರಿಯಾಗಿ "ಎಲ್ಲೋ ಲೆಕ್ಕ ತಪ್ಪಿದೆ" ಅಂದುಬಿಡ್ತಾರೆ, ಇಲ್ಲ 5 ತಪ್ಪಿದಾಗ ಆ ವಿದ್ಯಾರ್ಥಿಗಳಿಗೆ ಬೈದು ಮತ್ತೆ ಮಾಡಿಸ್ತಾರೆ. ಮಾಡಿ ನೋಡಿದವರು "ಪಕ್ಕದ ಸೆಕ್ಷನ್ನಲ್ಲಿ ಎಷ್ಟು ತಪ್ಪಿದ್ವು ಕೇಳೋಣ" ಅಂತಾರೆ, ಪಾಠ ಅಲ್ಲಿಂದ ಶುರು ಆಗತ್ತೆ. 95 ಅನ್ನೋದು ಈ ಒಂದು ಗೆರೆಯ ಬಗ್ಗೆ ಅಲ್ಲ, ಗೆರೆ ಎಳೆಯೋ ವಿಧಾನದ ಬಗ್ಗೆ ಅಂತ ಬಾಯಲ್ಲಿ ಹೇಳಿದ್ರೆ ಯಾರಿಗೂ ಇಳಿಯಲ್ಲ, ಬೋರ್ಡ್ ಮೇಲೆ ಆ ಗೆರೆಗಳ ರಾಶಿ ಕಂಡಾಗ ಇಳಿಯತ್ತೆ.

ಕಂಪ್ಯೂಟರ್ ಸಿಮ್ಯುಲೇಷನ್ ಜಾಸ್ತಿ ಬಳಸಿ ಅಂತ ಈಗ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ, ಆದ್ರೆ ಎಚ್ಚರ. 10,000 ಸಲ ಕಲಸಿದ್ರೆ ಸ್ಯಾಂಪಲ್ ಸೈಜ್ 10,000 ಆಯ್ತು ಅಂತ ನಂಬೋ ವಿದ್ಯಾರ್ಥಿಗಳು ಪ್ರತಿ ಬ್ಯಾಚಲ್ಲೂ ಸಿಗ್ತಾರೆ, ಒಮ್ಮೊಮ್ಮೆ ಟಿಎಗಳೂ. ಅದಕ್ಕೇ ಬಟನ್ ಒತ್ತೋ ಮುಂಚೆ ಒಂದೈದು ಸಲ ಕಾರ್ಡ್ ಹಿಡಿದು ಕೈಯಲ್ಲೇ ಕಲಸಲಿ.

ಟಿಎಗಳು ಕ್ಲಾಸಲ್ಲಿ ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯ್ತಾರೆ ಅನ್ನೋದನ್ನೂ ಗಮನಿಸಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯ್ತಾರೆ, ಅದನ್ನ ಮೂರು ಸೆಕೆಂಡಿಗೆ ಎಳೆದ್ರೆ ಉತ್ತರಗಳು ಉದ್ದ ಆಗ್ತವೆ, ಮಾತಾಡೋರು ಜಾಸ್ತಿ ಆಗ್ತಾರೆ ಅಂತ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ರು. ಹೊಸ ಟಿಎಗೆ ಮೂರು ಸೆಕೆಂಡ್ ಮೌನ ಅಂದ್ರೆ ಮೂರು ನಿಮಿಷ. ಮೀಟಿಂಗಲ್ಲಿ ಒಬ್ಬರಿಗೊಬ್ಬರು ಕೇಳಿ ಅಭ್ಯಾಸ ಮಾಡ್ಲಿ: "ಸ್ಯಾಂಪಲ್ ದೊಡ್ಡದು ಮಾಡಿದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಕಮ್ಮಿ ಆಗತ್ತಾ?" ಅಂತ ಕೇಳಿ ಸುಮ್ಮನಿರೋದು. (ಆಗಲ್ಲ. ಕಮ್ಮಿ ಆಗೋದು ಸ್ಟ್ಯಾಂಡರ್ಡ್ ಎರರ್. ಜನರ ನಡುವಿನ ವ್ಯತ್ಯಾಸ ನೀವು ಇನ್ನಷ್ಟು ಜನರನ್ನ ಅಳೆದ ಮಾತ್ರಕ್ಕೆ ಎಲ್ಲಿಗೆ ಹೋಗತ್ತೆ?)

ಸೆಮಿಸ್ಟರಿಗೆ ಎರಡು ಸಲ ಪ್ರತಿ ಟಿಎ ಕ್ಲಾಸಲ್ಲಿ ಹೋಗಿ ಕೂರಿ, ಮೊದಲೇ ಹೇಳಿ ಹೋಗಿ, ಆರೂ ಜನರದ್ದಕ್ಕೂ ಹೋಗಿ. 58ರ ಟಿಎ ಕ್ಲಾಸಿಗೆ ಮಾತ್ರ ಹೋದ್ರೆ ಅದು ತಪಾಸಣೆ ಆಗತ್ತೆ, ಉಳಿದವರೂ ನಿಮ್ಮ ಮುಂದೆ ತಪ್ಪು ಒಪ್ಪಿಕೊಳ್ಳೋದು ನಿಲ್ಲಿಸ್ತಾರೆ. ಆಮೇಲೆ ಹೇಳೋದು ಒಂದೇ ವಿಷಯ ಇರಲಿ, ಹತ್ತು ಹೇಳಿದ್ರೆ ಒಂದೂ ಉಳಿಯಲ್ಲ.

ಗಂಟೆಗಳ ಲೆಕ್ಕದಲ್ಲಿ ನ್ಯಾಯ ಇರಬೇಕು. ಅವರಿಗೆ ರಿಸರ್ಚ್ ಇದೆ, ಗೈಡ್ ಕಡೆಯಿಂದ ಒತ್ತಡ ಇದೆ, ಟಿಎ ಕೆಲಸಕ್ಕೆ ನಿಗದಿ ಆಗಿರೋ ಗಂಟೆಯೊಳಗೆ ಈ ಮೀಟಿಂಗ್ ಬರಬೇಕು, ಅದರ ಮೇಲೆ ಅಲ್ಲ. ಜಾಗ ಇಲ್ಲ ಅಂದ್ರೆ ವಾರಕ್ಕೆ ತಿದ್ದೋ ಪ್ರಶ್ನೆಗಳನ್ನ ಕಮ್ಮಿ ಮಾಡಿ. ಎಂಟು ಪ್ರಶ್ನೆಯ ಹೋಮ್‌ವರ್ಕಲ್ಲಿ ಮೂರನ್ನ ಸರಿಯಾಗಿ ತಿದ್ದಿ ಎರಡು ಸಾಲು ಬರೆದು ಕೊಡೋದು, ಎಂಟಕ್ಕೂ ಟಿಕ್ ಹಾಕೋದಕ್ಕಿಂತ ವಿದ್ಯಾರ್ಥಿಗೆ ಜಾಸ್ತಿ ಸಿಗತ್ತೆ.

ಆ ವಿದ್ಯಾರ್ಥಿನಿ ಪೇಪರ್ ವಿಚಾರ ಉಳಿತು. ಮಿಡ್‌ಟರ್ಮಿನ ಆ ಒಂದು ಪ್ರಶ್ನೆಯನ್ನ ಎಲ್ಲ 240 ಪೇಪರಲ್ಲೂ ಒಬ್ಬರೇ ಮತ್ತೆ ತಿದ್ದೋದು ಅತ್ಯಂತ ನ್ಯಾಯವಾದ ದಾರಿ, ಆದ್ರೆ ಕೊಟ್ಟ ಮಾರ್ಕ್ಸ್ ಕಿತ್ಕೊಂಡ್ರೆ ಯಾರದ್ದೋ ತಪ್ಪಿಗೆ ಅವಳು ದಂಡ ಕಟ್ಟಿದ ಹಾಗಾಗತ್ತೆ, ಟಿಎ ಮೇಲಿನ ನಂಬಿಕೆಯೂ ಹೋಗತ್ತೆ. ಆ ಪ್ರಶ್ನೆಯನ್ನೇ ಎಲ್ಲರಿಗೂ ಲೆಕ್ಕದಿಂದ ತೆಗೆಯಬಹುದು, ಆಗ ಸರಿಯಾಗಿ ಬರೆದವರಿಗೆ ನೋವು. ನಾನಾಗಿದ್ರೆ ಕೊಟ್ಟದ್ದನ್ನ ಮುಟ್ಟದೆ, ಅದೇ ವಾಕ್ಯ ಬರೆದು ಸೊನ್ನೆ ತಗೊಂಡೋರಿಗೂ ಅಷ್ಟೇ ಕೊಟ್ಟು, ಮುಂದಿನ ಲೆಕ್ಚರಲ್ಲಿ ಆ ವಾಕ್ಯವನ್ನ ಬೋರ್ಡ್ ಮೇಲೆ ಬರೆದು, "ಇದು ತಪ್ಪು, ನಮ್ಮ ತಿದ್ದುವಿಕೆಯಲ್ಲೂ ಗೊಂದಲ ಆಗಿತ್ತು, ಫೈನಲ್ಲಲ್ಲಿ ಇದೇ ಮತ್ತೆ ಬರತ್ತೆ" ಅಂತ ಹೇಳಿ, 1000 ಹೈಪೋಥೆಸಿಸ್ ಲೆಕ್ಕ ಎಲ್ಲರ ಕೈಲೂ ಮಾಡಿಸ್ತಿದ್ದೆ. ಇದರಲ್ಲಿ ಕೆಲವರಿಗೆ ಅನರ್ಹ ಮಾರ್ಕ್ಸ್ ಹೋಗತ್ತೆ, ಹೌದು, ಅದನ್ನ ಗೊತ್ತಿದ್ದೇ ಒಪ್ಪಿಕೊಳ್ತೀನಿ. "ಗೊಂದಲ ಆಗಿತ್ತು" ಅನ್ನುವಾಗ ಯಾವ ಟಿಎ ಅಂತ ಹೇಳೋದು ಬೇಡ, ಕೋರ್ಸಿನ ಹೊಣೆ ನಿಮ್ಮದು, ನಿಮ್ಮ ಮೇಲೇ ಹಾಕ್ಕೊಳಿ.

ಮುಂದಿನ ಸೆಮಿಸ್ಟರಿನ ಅರ್ಧ ದಿನಕ್ಕೆ ಈ ಸಲದ ಮಾರ್ಕ್ಸ್ ಹೆಸರಿಲ್ಲದೆ ಇಟ್ಕೊಳಿ. ಹೊಸ ಟಿಎಗಳಿಗೆ ಆರು ಸರಾಸರಿ ತೋರಿಸಿ "ಇದರಲ್ಲಿ ಒಳ್ಳೇ ಟಿಎ ಯಾರು" ಅಂತ ಕೇಳಿ, ಅವರು ವಾದ ಮಾಡಿ ಮುಗಿಸಿದ ಮೇಲೆ ಅವರ ಕೈಲೇ ಕಲಸಿಸಿ. ಸ್ಟ್ಯಾಂಡರ್ಡ್ ಎರರ್ ಅಂದ್ರೇನು ಅಂತ ಅವತ್ತು ಹೇಳಿಕೊಡೋದೇ ಬೇಕಾಗಲ್ಲ.

ಇನ್ನೊಂದು. ಬದಲಾಯಿಸೋ ಮಾತು ಆ ಟಿಎ ಕಿವಿಗೆ ಬಿದ್ದಿದೆಯಾ ಅಂತ ನೀವು ಬರೆದಿಲ್ಲ. ವಿಭಾಗಗಳಲ್ಲಿ ಇಂಥ ಮಾತು ನಿಲ್ಲಲ್ಲ, ಬಿದ್ದಿರತ್ತೆ ಅಂತಲೇ ಇಟ್ಕೊಳಿ. 1000 ಸಲ ಕಲಸಿದ ಆ ಚಿತ್ರವನ್ನ ಹಿರಿಯರಿಗೆ ತೋರಿಸೋ ಮುಂಚೆ ಆ ಟಿಎಗೆ ತೋರಿಸಿ, ಈ ವಾರವೇ.